ಕಲಬುರಗಿ ಬಿಸಿಲಲ್ಲಿ ಸಿಎಚ್‌ಆರ್2 ಇಲಿ ಸಾಕಿ ಸಿಗ್ನಲ್ ತೆಗೆದದ್ದು: ನನ್ನ ಅನುಭವ

ಕಲಬುರಗಿಯಲ್ಲಿ ಟ್ರಾನ್ಸ್‌ಜೆನಿಕ್ (ಹೊರಗಿನ ಜೀನ್ ಸೇರಿಸಿದ) ಇಲಿ ಸಾಕೋದು ಆಗದ ಮಾತು, ಸುಮ್ನೆ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ರೆಕಾರ್ಡಿಂಗ್ ಮಾಡಿಕೊಂಡು ಬನ್ನಿ ಅಂತ ನನಗೆ ಹೇಳಿದವರು ಕಡಿಮೆ ಇಲ್ಲ. ಈಗ ನಮ್ಮಲ್ಲಿ ಥೈ1-ಸಿಎಚ್‌ಆರ್2, ಲೈನ್ 18ರ ಇಲಿಗಳು ಮರಿ ಹಾಕುತ್ತಿವೆ. ಸಿಎಚ್‌ಆರ್2 ಅಂದರೆ ಚಾನೆಲ್‌ರೊಡಾಪ್ಸಿನ್-2, ನೀಲಿ ಬೆಳಕು ಬಿದ್ದರೆ ತೆರೆದುಕೊಂಡು ನರಕೋಶವನ್ನು ಎಬ್ಬಿಸುವ ಪ್ರೋಟೀನ್. ಅದರ ಜೀನ್ ಸೇರಿಸಿದ ತಳಿ ಇದು. ಅವುಗಳ ಕಾರ್ಟೆಕ್ಸ್ (ಮಿದುಳಿನ ಹೊರಪದರ) ಸ್ಲೈಸ್ ಮೇಲೆ ನೀಲಿ ಬೆಳಕು ಬಿಟ್ಟರೆ ಸಿನಾಪ್ಸ್ (ಎರಡು ನರಕೋಶಗಳ ನಡುವಿನ ಸಂಧಿ) ದಾಟಿ ಬಂದ ಉತ್ತರ ಸ್ಕ್ರೀನ್ ಮೇಲೆ ಕಾಣುತ್ತದೆ. ಕಾರ್ಟೆಕ್ಸಿನ ಐದನೇ ಪದರದ (ಲೇಯರ್ 5) ಕೋಶಗಳೇ ಯಾಕೆ, ಚಾನೆಲ್‌ರೊಡಾಪ್ಸಿನ್ ಹೇಗೆ ಕೆಲಸ ಮಾಡುತ್ತದೆ ಅನ್ನೋ ವಿವರಕ್ಕೆಲ್ಲ ಇಲ್ಲಿ ಹೋಗಲ್ಲ. ನಮ್ಮ ಊರಲ್ಲಿ ಇದನ್ನು ಹೇಗೆ ದಡ ಮುಟ್ಟಿಸಿದೆವು ಅನ್ನೋದಷ್ಟನ್ನೇ ಬರೆಯುತ್ತೇನೆ.

ಬಿಸಿಲಿನಿಂದಲೇ ಶುರು ಮಾಡಬೇಕು. ಮೇ ತಿಂಗಳಲ್ಲಿ ಹೊರಗೆ 42-43 ಡಿಗ್ರಿ. ಇಲಿ ರೂಮ್ 22ರ ಆಸುಪಾಸಿನಲ್ಲಿ ಇರಬೇಕು. ಕೂಲರ್ ಹಾಕಿದರೆ ತೇವ ಏರಿ ಬೆಡ್ಡಿಂಗ್ ನಾರುತ್ತದೆ. ಮೊದಲ ಬೇಸಿಗೆಯಲ್ಲಿ ನಮ್ಮ ಹತ್ತಿರ ಇದ್ದದ್ದು ಒಂದೇ ಎಸಿ. ಮಧ್ಯಾಹ್ನ ಕರೆಂಟ್ ಹೋಗಿ ರೂಮ್ 35 ದಾಟಿತು. ಇಲಿಗಳೇನೂ ಸಾಯಲಿಲ್ಲ. ಮೋಸ ಇರೋದೇ ಅಲ್ಲಿ. ಎಲ್ಲವೂ ಆರಾಮಾಗಿ ಓಡಾಡುತ್ತವೆ, ತಿನ್ನುತ್ತವೆ, ಬೆಳಗ್ಗೆ ನೋಡಿದರೆ ಪ್ಲಗ್ (ಗಂಡು ಹೆಣ್ಣು ಕೂಡಿದ ಗುರುತು) ಕೂಡ ಕಾಣುತ್ತದೆ. ಹೊಟ್ಟೆ ಮಾತ್ರ ಬರಲ್ಲ. ಗಂಡಿಲಿಯ ವೀರ್ಯ ಸೆಕೆಗೆ ಒಮ್ಮೆ ಕೆಟ್ಟರೆ ಹೊಸದು ತಯಾರಾಗಲು ಐದು ವಾರ ಬೇಕು. ಅಂದರೆ ಮೇ ತಿಂಗಳ ಒಂದು ಕೆಟ್ಟ ಮಧ್ಯಾಹ್ನಕ್ಕೆ ಜೂನ್ ಪೂರ್ತಿ ಹೋಯಿತು ಅಂತಲೇ ಲೆಕ್ಕ. ಅಷ್ಟರಲ್ಲಿ ಹೆತ್ತ ತಾಯಂದಿರೂ ಮರಿ ಉಳಿಸಲಿಲ್ಲ, ಎರಡನೇ ದಿನಕ್ಕೆ ತಿಂದು ಮುಗಿಸಿದವು. ಈ ತಳಿ ತರಿಸಲು ಪರವಾನಗಿ, ವಿಮಾನದ ಖರ್ಚು, ಏಜೆಂಟ್, ಕ್ವಾರಂಟೈನ್ ಎಲ್ಲ ಸೇರಿ ನಾಲ್ಕೂವರೆ ಲಕ್ಷದ ಮೇಲೆ ಆಗಿತ್ತು. ಆ ಮಳೆಗಾಲಕ್ಕೆ ನಮ್ಮ ಕೈಯಲ್ಲಿ ಜೀನ್ ಇರುವ ಇಲಿ ಉಳಿದದ್ದು ಬೆರಳೆಣಿಕೆಯಷ್ಟು.

ಆಮೇಲೆ ಎರಡು ಎಸಿ ಹಾಕಿಸಿದೆವು. ಬೇರೆ ಬೇರೆ ಕರೆಂಟ್ ಲೈನ್, ಟೈಮರ್ ಮೇಲೆ ಸರದಿ. ಜನರೇಟರ್ ಕಟ್ಟಡದ ಆ ತುದಿಗೆ ಹೋಯಿತು. ಅದರ ಸದ್ದಿಗೂ ತಾಯಿ ಇಲಿ ಗಾಬರಿ ಬೀಳುತ್ತದೆ ಅಂತ ನನ್ನ ಅನುಮಾನ. ಇದಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಕ್ಯಾಲೆಂಡರ್. ಸೆಪ್ಟೆಂಬರ್ ಮಧ್ಯದಲ್ಲಿ ಒಂದು ಗಂಡಿಗೆ ಎರಡು ಹೆಣ್ಣು ಜೋಡಿಸುತ್ತೇವೆ, ಫೆಬ್ರವರಿ ಮುಗಿಯುವಾಗ ಬೇರೆ ಮಾಡುತ್ತೇವೆ. ಬೇಸಿಗೆಯಲ್ಲಿ ಮರಿಯ ಆಸೆಯೇ ಇಲ್ಲ. ಗೂಡಿಗೆ ನಾವು ಹಾಕುವ ಒಂದು ಸಾಮಾನು ಇದೆ. ಅದನ್ನು ಹಾಕಲು ಶುರು ಮಾಡಿದ ಮೇಲೆ ಮರಿ ತಿನ್ನೋದು ಬಹುತೇಕ ನಿಂತಿತು. ಏನು ಅಂತ ಸದ್ಯಕ್ಕೆ ಹೇಳಲ್ಲ, ಪೇಪರ್ ಆಗಲಿ.

ತೊಗರಿ ಹೊಟ್ಟು ಅಂತೂ ಅಲ್ಲ! ಅದನ್ನೂ ನೋಡಿಯಾಗಿದೆ. ತೊಗರಿ ನಾಡಲ್ಲಿ ಕೂತು ಇಲಿ ಹಾಸಿಗೆಗೆ ಅಂತ ಮೆಕ್ಕೆಜೋಳದ ದಿಂಡಿನ ಪುಡಿಗೆ ಯಾಕೆ ದುಡ್ಡು ಕೊಡಬೇಕು ಅಂತ ದಾಲ್ ಮಿಲ್ಲಿನಿಂದ ಒಂದು ಚೀಲ ತಂದು ಆಟೋಕ್ಲೇವ್ ಮಾಡಿ ಹಾಕಿದೆವು. ಇಲಿಗಳು ಹಾಸಿಗೆಯನ್ನೇ ಊಟ ಮಾಡಿದವು. ಉಳಿದದ್ದಕ್ಕೆ ಬೂಸ್ಟು ಬಂತು.

ಜೀನೋಟೈಪಿಂಗ್‌ಗೆ (ಯಾವ ಮರಿಗೆ ಜೀನ್ ಬಂದಿದೆ ಅಂತ ನೋಡುವ ಪರೀಕ್ಷೆ) ಕಿಟ್ ಕೊಂಡಿಲ್ಲ. ಕಿವಿ ಪಂಚ್, 25 ಮಿಲಿಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್, 95 ಡಿಗ್ರಿಯಲ್ಲಿ ಅರ್ಧ ಗಂಟೆ, ಟ್ರಿಸ್ ಹಾಕಿ ಸಮ ಮಾಡೋದು, ಪಿಸಿಆರ್. ಒಂದು ಇಲಿಗೆ ಡಿಎನ್ಎ ತೆಗೆಯುವ ಖರ್ಚು ಒಂದು ಚಹಾಕ್ಕಿಂತ ಕಡಿಮೆ. ಜೀನ್ ಒಂದೇ ಪ್ರತಿ ಇರುವ ಇಲಿಗೆ ಮಾಮೂಲಿ ಲ್ಯಾಬ್ ಇಲಿ (ಸಿ57 ಬ್ಲ್ಯಾಕ್ 6) ಜೋಡಿ ಮಾಡುತ್ತೇವೆ. ಅರ್ಧ ಮರಿಗಳಿಗೆ ಜೀನ್ ಬರುತ್ತದೆ. ಉಳಿದರ್ಧವನ್ನು ದಂಡ ಅಂದುಕೊಳ್ಳಬೇಡಿ, ಮುಂದೆ ಹೇಳುತ್ತೇನೆ.

ರಿಗ್ (ರೆಕಾರ್ಡಿಂಗ್ ಮಾಡುವ ಉಪಕರಣಗಳ ಜೋಡಣೆ) ಬಗ್ಗೆ ನನಗೆ ಸ್ವಲ್ಪ ಜಂಬ ಇದೆ. ಅದುರು ತಡೆಯುವ ವೈಬ್ರೇಷನ್ ಟೇಬಲ್‌ಗೆ ಕಂಪನಿಯವರು ಐದು ಲಕ್ಷದ ಮೇಲೆ ಹೇಳಿದರು. ನಮ್ಮದು ಶಹಾಬಾದ್ ಫರಸಿಯ ಎರಡು ದಪ್ಪ ಚಪ್ಪಡಿ, ನಡುವೆ ಅರ್ಧ ಗಾಳಿ ತುಂಬಿದ ಸ್ಕೂಟರ್ ಟ್ಯೂಬು. ಸಾಗಣೆ ಸೇರಿ ಐದಾರು ಸಾವಿರ ಆಗಿರಬಹುದು. ಪ್ಯಾಚ್ (ಒಂದೊಂದೇ ಕೋಶ ಹಿಡಿದು ರೆಕಾರ್ಡಿಂಗ್) ಮಾಡುವವರಿಗೆ ಸಾಕಾಗಲ್ಲ, ಕೋಶಗಳ ಗುಂಪಿನ ಸಿಗ್ನಲ್ ಒಟ್ಟಿಗೆ ಹಿಡಿಯುವ ಫೀಲ್ಡ್ ರೆಕಾರ್ಡಿಂಗ್‌ಗೆ ಧಾರಾಳ. ಕರೆಂಟ್ ಲೈನಿನ 50 ಹರ್ಟ್ಸ್ ಗುಂಯ್‌ಗುಡುವುದನ್ನು ತಡೆಯಲು ಜಾಲರಿಯ ಪಂಜರ ಬೇಕಿತ್ತು. ವೆಲ್ಡಿಂಗ್ ಅಂಗಡಿಯವನು ಅಳತೆ ಬರೆದುಕೊಂಡು, "ಸರ್, ಇಷ್ಟರಾಗ ಎಷ್ಟ್ ಕೋಳಿ ಸಾಕ್ತೀರ್ರಿ?" ಅಂದ. 470 ನ್ಯಾನೋಮೀಟರ್ ಎಲ್ಇಡಿ, ಡ್ರೈವರ್ ಎಲ್ಲ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಿಂದ ಬಂದವು. ಸ್ಲೈಸ್ ಕತ್ತರಿಸುವ ವೈಬ್ರಟೋಮ್ ಮಾತ್ರ ಸೆಕೆಂಡ್ ಹ್ಯಾಂಡ್, ಏಳು ಲಕ್ಷದ ಹತ್ತಿರ. ಅಲ್ಲಿ ಜುಗ್ಗತನ ಮಾಡಲು ಹೋಗಬೇಡಿ.

ಜೇಬು ಖಾಲಿ ಮಾಡಿದ್ದು ಗ್ಯಾಸ್. ಸ್ಲೈಸ್ ಬದುಕಿರಲು ಬೇಕಾದ ಕಾರ್ಬೋಜೆನ್ (95 ಪಾಲು ಆಕ್ಸಿಜನ್, 5 ಪಾಲು ಕಾರ್ಬನ್ ಡೈಆಕ್ಸೈಡ್) ಹೊರಗಿನಿಂದ ಆರ್ಡರ್ ಮೇಲೆ ಬರಬೇಕು. ಮೊದಲ ವರ್ಷ ಅದಕ್ಕೇ ಲಕ್ಷದ ಹತ್ತಿರ ಸುರಿದೆವು. ಒಮ್ಮೆ ಬಂದ ಸಿಲಿಂಡರ್‌ನಲ್ಲಿ ಬಬಲ್ ಮಾಡಿದರೂ ಸ್ಲೈಸ್ ಮುಳುಗಿಸುವ ದ್ರಾವಣದ ಪಿಎಚ್ 7.4ಕ್ಕೆ ಇಳಿಯಲೇ ಇಲ್ಲ. ಕ್ಯಾಲ್ಸಿಯಂ ಹಾಕಿದ ಕೂಡಲೇ ಹಾಲಿನ ಹಾಗೆ ಬೆಳ್ಳಗಾಯಿತು. ಮಿಶ್ರಣವೇ ಸರಿ ಇರಲಿಲ್ಲ. ಕೊಟ್ಟವರು ಒಪ್ಪಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ. ಈಗ ಸಿಲಿಂಡರ್ ಬಂದ ದಿನವೇ ಪಿಎಚ್ ನೋಡಿ ಸಹಿ ಮಾಡುತ್ತೇವೆ.

ವಯಸ್ಸಿನದೂ ಒಂದು ತಲೆನೋವು. ಥೈ1 ಪ್ರೊಮೋಟರ್ (ಸೇರಿಸಿದ ಜೀನ್ ಚಾಲೂ ಮಾಡುವ ಡಿಎನ್ಎ ತುಣುಕು) ಮರಿ ಹುಟ್ಟಿದ ಮೇಲೆ ನಿಧಾನಕ್ಕೆ ಚುರುಕಾಗುತ್ತದೆ. ಮೂರು ವಾರದ ಮರಿಯ ಸ್ಲೈಸ್ ಚೆನ್ನಾಗಿ ಬದುಕುತ್ತದೆ, ಆದರೆ ಬೆಳಕಿಗೆ ಉತ್ತರ ಮಂಕು. ಎರಡು ತಿಂಗಳದ್ದರಲ್ಲಿ ಉತ್ತರ ಜೋರು, ಸ್ಲೈಸ್ ಬೇಗ ಸಾಯುತ್ತದೆ. ನಾವು ಐದಾರು ವಾರಕ್ಕೆ ಬಂದು ನಿಂತೆವು. ಎನ್ಎಂಡಿಜಿ (ಕೋಶ ಕಾಪಾಡಲು ಸೋಡಿಯಂ ಬದಲು ಹಾಕುವ ಪದಾರ್ಥ) ದ್ರಾವಣದಲ್ಲಿ ಕತ್ತರಿಸೋದು, 350 ಮೈಕ್ರಾನ್ ದಪ್ಪ. ಕತ್ತರಿಸಿದ ಮೇಲಿನ ಮೊದಲ ಹತ್ತು ನಿಮಿಷದ ಬಿಸಿ-ತಂಪಿನ ಲೆಕ್ಕ ನಮ್ಮ ಹುಡುಗಿಯೊಬ್ಬಳ ಕೈಗುಣ. ಅದೂ ಗುಟ್ಟು.

ಕೊನೆಗೆ ಸಿಗ್ನಲ್ ಬಂದಾಗ ಹಿರಿಯರೊಬ್ಬರು, "ಇದು ಬೆಳಕು ಬೆಳ್ಳಿ ತಂತಿಗೆ ಬಿದ್ದು ಬಂದದ್ದು, ಇಲಿಯದ್ದಲ್ಲ" ಅಂದುಬಿಟ್ಟರು. ಎಲೆಕ್ಟ್ರೋಡಿನ ಸಿಲ್ವರ್ ಕ್ಲೋರೈಡ್ ತಂತಿಗೆ ಬೆಳಕು ತಾಗಿದರೆ ವೋಲ್ಟೇಜ್ ಹುಟ್ಟುವುದು ನಿಜವೇ. ಆದರೆ ಅದು ಬೆಳಕಿನ ಜೊತೆಗೇ ಏಳುತ್ತದೆ, ಜೊತೆಗೇ ಬೀಳುತ್ತದೆ. ನಮ್ಮದು ಕೆಲವು ಮಿಲಿಸೆಕೆಂಡ್ ತಡವಾಗಿ ಬರುತ್ತಿತ್ತು. ಬಾಯಿಮಾತು ಸಾಲದು ಅಂತ ಅವರ ಎದುರಿಗೇ ಮಾಡಿ ತೋರಿಸಿದೆವು. ಜೀನ್ ಇಲ್ಲದ ಒಡಹುಟ್ಟಿದ ಇಲಿಯ ಸ್ಲೈಸ್, ಅದೇ ಎಲೆಕ್ಟ್ರೋಡ್, ಅದೇ ಬೆಳಕು: ಸಪಾಟು ಗೆರೆ. ಆಮೇಲೆ ಜೀನ್ ಇರುವ ಸ್ಲೈಸ್‌ಗೆ ಸಿಎನ್‌ಕ್ಯೂಎಕ್ಸ್ ಬಿಟ್ಟೆವು. ಅದು ಸಿನಾಪ್ಸ್ ದಾಟುವ ಸಿಗ್ನಲ್ ತಡೆಯುವ ಔಷಧ. ತಡವಾಗಿ ಬರುವ ಭಾಗ ಕರಗಿತು, ಬೆಳಕು ನೇರವಾಗಿ ಎಬ್ಬಿಸಿದ ಮೊದಲ ಭಾಗ ಉಳಿಯಿತು. ಔಷಧ ತೊಳೆದ ಮೇಲೆ ತಡವಾದ ಭಾಗವೂ ಬಹುಪಾಲು ಮರಳಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಇನ್ನೊಮ್ಮೆ ಹಾಕ್ರಿ" ಅಂದರು. ಹಾಕಿದೆವು. ಫ್ಲ್ಯಾಷ್‌ಗಳ ನಡುವೆ ಕನಿಷ್ಠ 20 ಸೆಕೆಂಡ್ ಬಿಡಿ, ಇಲ್ಲದಿದ್ದರೆ ಚಾನೆಲ್ ದಣಿದು ಎರಡನೆಯ ಉತ್ತರ ಸಣ್ಣದಾಗುತ್ತದೆ. ಅದನ್ನು ಸಿನಾಪ್ಸಿನ ಗುಣ ಅಂತ ಬರೆದ ಪೋಸ್ಟರ್‌ಗಳನ್ನು ನಾನು ಕಂಡಿದ್ದೇನೆ.

ಇಲಿ ಖರೀದಿ, ಎರಡು ಎಸಿ, ರಿಗ್ ಎಲ್ಲ ಸೇರಿ ಇಪ್ಪತ್ತು ಲಕ್ಷದ ಒಳಗೇ ಮುಗಿಯಿತು. ಆಂಪ್ಲಿಫೈಯರ್ ಮೊದಲೇ ಇತ್ತು, ಅದು ಈ ಲೆಕ್ಕದಲ್ಲಿಲ್ಲ. ಬೀದರ್, ಯಾದಗಿರಿ, ರಾಯಚೂರು ಕಡೆಯವರು ಯಾರಾದರೂ ಶುರು ಮಾಡುವುದಾದರೆ ಇಲಿ ಕೊಡಲು ನಾವು ತಯಾರು. ಎರಡೂ ಕಡೆಯ ಎಥಿಕ್ಸ್ ಕಮಿಟಿ, ಬಯೋಸೇಫ್ಟಿ ಕಮಿಟಿ, ಜೊತೆಗೆ ನಾವು ಇಲಿ ತರಿಸಿದ ಕಡೆಯ ಒಪ್ಪಿಗೆ ಆಗಿರಬೇಕು. ನವೆಂಬರ್‌ನಲ್ಲಿ ಬನ್ನಿ, ಎಸಿ ಇರುವ ಗಾಡಿ ತನ್ನಿ. ಏಪ್ರಿಲ್‌ನಲ್ಲಿ ಕೇಳಿದರೆ ಕೊಡಲ್ಲ.