ಅಜ್ಜಿಯ ಗಂಟಿನ ನಾಣ್ಯಗಳನ್ನು ತೊಳೆಯಬೇಡಿ

ಬೀರುವಿನ ಮೂಲೆಯಲ್ಲೋ ದೇವರ ಪೆಟ್ಟಿಗೆಯಲ್ಲೋ ಹಿರಿಯರು ಕಟ್ಟಿಟ್ಟ ನಾಣ್ಯಗಳ ಗಂಟು ಸಿಕ್ಕರೆ, ಅದನ್ನು ಮೊದಲು ತೊಳೆಯಲು ಹೋಗಬೇಡಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ಮುಂದಿಡಬೇಕೆಂದು ನಾನೂ ಒಮ್ಮೆ, ಬಸವನಗುಡಿಯ ನಮ್ಮ ಮನೆಯಲ್ಲಿ, ಅತ್ತೆಯವರ ತಾಮ್ರದ ಕಾಸುಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೆ. ಅವುಗಳಲ್ಲೊಂದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಸಿಂಹದ ಮೈಮೇಲಿದ್ದ ಗಾಢ ಕಂದು ಬಣ್ಣವೆಲ್ಲ ಕಳಚಿ ಅದು ಹೊಸ ತಂಬಿಗೆಯಂತೆ ಕೆಂಪಗಾಯಿತು. ಮೊದಲೇ ಸವೆದಿದ್ದ ‘ಶ್ರೀ ಚಾಮುಂಡಿ’ ಎಂಬ ಅಕ್ಷರಗಳು ಇನ್ನಷ್ಟು ಮಾಸಿದವು. ಕಾಲ ಕೂರಿಸಿದ ಆ ಬಣ್ಣವೇ ಸಂಗ್ರಾಹಕರು ಮೊದಲು ನೋಡುವುದು, ಒಮ್ಮೆ ಹೋದರೆ ಅದು ಮರಳುವುದಿಲ್ಲ. ಪೂಜೆಗೆ ಇಡಲೇಬೇಕೆಂದರೆ ಕುಂಕುಮ ತಾಗದಂತೆ ಬಟ್ಟಲಿನಲ್ಲಿಡಿ.

ಗುರುತಿಸುವ ಕೆಲಸಕ್ಕೆ ಹಗಲು ಬೆಳಕು, ಒಂದು ಭೂತಗನ್ನಡಿ, ಗ್ರಾಮಿನ ದಶಾಂಶವನ್ನೂ ತೋರಿಸುವ ಸಣ್ಣ ತಕ್ಕಡಿ ಇದ್ದರೆ ಸಾಕು. ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಇಸವಿಯನ್ನೂ ತಲೆಯ ಸುತ್ತಲಿನ ಬರಹವನ್ನೂ ಓದಿ. ‘ವಿಕ್ಟೋರಿಯಾ ಕ್ವೀನ್’ ಎಂದಿದ್ದರೆ ಅದು 1877ಕ್ಕಿಂತ ಮುಂಚಿನ ಮುದ್ರೆ, ‘ಎಂಪ್ರೆಸ್’ ಎಂದಿದ್ದರೆ ನಂತರದ್ದು. ಆದರೆ 1862 ಎಂಬ ಇಸವಿ ಕಂಡ ಕೂಡಲೇ ನಿಧಿ ಸಿಕ್ಕಿತೆಂದು ಹಿಗ್ಗಬೇಡಿ, ಏಕೆಂದರೆ 1874ರವರೆಗೂ ರೂಪಾಯಿಗಳ ಮೇಲೆ ಅದೇ ಇಸವಿಯನ್ನು ಒತ್ತುತ್ತಿದ್ದುದರಿಂದ ಅವು ಬೇಕಾದಷ್ಟು ಸಿಗುತ್ತವೆ. ಹಳೆಯದಾದಷ್ಟೂ ಬೆಲೆ ಹೆಚ್ಚು ಎಂಬ ನಂಬಿಕೆಯೇ ಮನೆಮಂದಿಯನ್ನು ಹೆಚ್ಚಾಗಿ ದಾರಿ ತಪ್ಪಿಸುವುದು. ಎಷ್ಟು ಉಳಿದಿವೆ, ಎಷ್ಟು ಸವೆದಿದೆ ಎಂಬುದರ ಮೇಲೆ ಬೆಲೆ ನಿಂತಿದೆ. ನಮ್ಮ ಅಜ್ಜಿಯರು ಸರಕ್ಕೆ ಪೋಣಿಸಲು ಕೊಂಡಿ ಬೆಸೆಸಿದ ರೂಪಾಯಿಗೆ, ಕೊಂಡಿ ತೆಗೆಸಿದರೂ ಗಾಯ ಉಳಿಯುವುದರಿಂದ, ಬೆಳ್ಳಿಯ ಬೆಲೆಗಿಂತ ಹೆಚ್ಚು ಸಿಗುವುದು ಅಪರೂಪ.

ಆ ಬೆಳ್ಳಿಯ ಲೆಕ್ಕವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ವಿಕ್ಟೋರಿಯಾ, ಎಡ್ವರ್ಡ್, ಐದನೆಯ ಜಾರ್ಜ್ ಇವರ ರೂಪಾಯಿ 11.66 ಗ್ರಾಂ ತೂಗಬೇಕು. ಅದರಲ್ಲಿ ಶೇಕಡಾ 91.7ರಷ್ಟು, ಅಂದರೆ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ ಇರುತ್ತದೆ. ಯುದ್ಧದ ಒತ್ತಡದಲ್ಲಿ 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರ ರೂಪಾಯಿ ಬರೀ ನಿಕಲ್; ಆಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. 1939ರ ಬೆಳ್ಳಿ ರೂಪಾಯಿ ನಿಜಕ್ಕೂ ಅಪರೂಪದ್ದು, ಆದ್ದರಿಂದಲೇ 1938ರ ಕೊನೆಯ ಅಂಕಿಯನ್ನು ತಿದ್ದಿ ಮೋಸ ಮಾಡುವವರಿದ್ದಾರೆ. ಆ ಅಂಕಿಯ ಸುತ್ತ ಕೆರೆದ ಗುರುತಿದೆಯೇ ಎಂದು ಭೂತಗನ್ನಡಿಯಲ್ಲಿ ನಿಧಾನವಾಗಿ ನೋಡಿ. ರಾಮಪಟ್ಟಾಭಿಷೇಕವೋ ಹನುಮಂತನೋ ಇದ್ದು ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದು ಬರೆದಿರುವುದನ್ನು ಕಂಪನಿ ಎಂದೂ ಚಲಾವಣೆಗೆ ತಂದದ್ದಲ್ಲ. ಅದು ಅಕ್ಕಿ ಕಾಳನ್ನು ತನ್ನತ್ತ ಸೆಳೆಯುವ ಪವಾಡದ ನಾಣ್ಯವೆಂದು ಯಾರಾದರೂ ಲಕ್ಷಗಳ ಮಾತಾಡಿದರೆ ಬಾಗಿಲು ಹಾಕಿಕೊಳ್ಳಿ. 1943ರಿಂದ 1947ರವರೆಗಿನ ತೂತಿನ ಕಾಸು ಮೊಮ್ಮಕ್ಕಳಿಗೆ ತೋರಿಸಲು ಚೆಂದ, ಮಾರಲು ಅಲ್ಲ.

ಮಾರುವುದಾದರೆ ಚಿಕ್ಕಪೇಟೆ, ನಗರ್ತಪೇಟೆಯ ಬೆಳ್ಳಿ ಅಂಗಡಿಗಳವರು ಕರಗಿಸುವ ಬೆಲೆ ಹೇಳುತ್ತಾರೆ ಎಂಬುದನ್ನು ನೆನಪಿಟ್ಟು, ನಾಣ್ಯ ಸಂಗ್ರಾಹಕರಲ್ಲಿ ಕನಿಷ್ಠ ಇಬ್ಬರಿಗೆ ಬೇರೆ ಬೇರೆ ದಿನ ತೋರಿಸಿ. ಮುಂಗಡ ಶುಲ್ಕ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ತನ್ನ ಹೆಸರು ಹೇಳಿಕೊಂಡು ಹಳೆಯ ನಾಣ್ಯದ ವಹಿವಾಟಿಗೆ ಕಮಿಷನ್ ಕೇಳುವ ವಂಚಕರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ಇನ್ನು, ಹೊರದೇಶದಲ್ಲಿರುವ ಮಕ್ಕಳ ಸೂಟ್‌ಕೇಸಿನಲ್ಲಿ ನೆನಪಿಗೆಂದು ಇವನ್ನು ಇಟ್ಟು ಕಳಿಸಬೇಡಿ. 100 ವರ್ಷ ದಾಟಿದ ನಾಣ್ಯ 1972ರ ಕಾನೂನಿನ ಪ್ರಕಾರ ಪುರಾತನ ವಸ್ತು, ಅದನ್ನು ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ.