ಕಿಸುಮುವಿನ ಮಕ್ಕಳ ಮನೆಗೆ ಹೊಲಿಗೆ ಕೆಲಸ ತಗೊಂಡು ಹೋದೆವು

ಹೊರದೇಶದ ಅನಾಥ ಮಕ್ಕಳ ಸೇವೆಗೆ ತಂಡ ಕಟ್ಟಿಕೊಂಡು ಹೋಗಬೇಕು ಅಂತ ಮುಂಬೈಯ ಬೇರೆ ಬೇರೆ ಕನ್ನಡ ಕ್ರೈಸ್ತ ಸಭೆಗಳವರು (ಚರ್ಚಿನವರು) ಈಗ ನನ್ನನ್ನು ಕೇಳುತ್ತಾರೆ. ಮಕ್ಕಳಿಗೆ ಯಾವ ಹಾಡು ಕಲಿಸೋಣ, ಎಷ್ಟು ಚಾಕಲೇಟ್ ಬೇಕಾಗುತ್ತೆ, ಹಳೇ ಬಟ್ಟೆ ಕೂಡಿಸೋಣ್ವಾ, ಹೀಗೆ. ನಾನು ತಿರುಗಿ ಕೇಳುವುದು ಒಂದೇ: ನಿಮಗೆ ಯಾವ ಕೆಲಸ ಚೆನ್ನಾಗಿ ಬರುತ್ತೆ? ಆ ಕೆಲಸ ಅಲ್ಲಿನ ದೊಡ್ಡವರಿಗೆ ಬೇಕಾ? ಬೇಕು ಅಂದರೆ ಹೋಗಿ. ಮಕ್ಕಳನ್ನು ಎತ್ತಿ ಆಡಿಸಿ, ಎರಡು ವಾರಕ್ಕೆ ಕೈ ಬೀಸಿ ಬರುವುದಾದರೆ ಹೋಗಬೇಡಿ.

ನಾನು ಡೊಂಬಿವಲಿಯಲ್ಲಿ ಟೇಲರಿಂಗ್ ಮಾಡುವವಳು. ನಮ್ಮದು ಬೀದರ್ ಕಡೆಯ ಮೆಥಡಿಸ್ಟ್ ಮನೆತನ. ಬ್ಲೌಸು, ಫ್ರಾಕು, ಎಲ್ಲಕ್ಕಿಂತ ಜಾಸ್ತಿ ಸ್ಕೂಲ್ ಯೂನಿಫಾರ್ಮ್ ಹೊಲಿಯುತ್ತೇನೆ. ನಮ್ಮ ಸಭೆಗೆ ಕೀನ್ಯಾದ ಕಿಸುಮು ಹತ್ತಿರದ ಒಂದು ಮಕ್ಕಳ ಮನೆಯ ಪರಿಚಯ ಮೊದಲಿಂದ ಇತ್ತು. ಅಲ್ಲಿಗೆ ಹೋಗುವ ಮಾತು ಬಂದಾಗ ಆ ಮನೆಯ ಮೇಲ್ವಿಚಾರಕಿ ಉದ್ದದ ಪತ್ರ ಬರೆದರು. ಮಕ್ಕಳಿಗೆ ಹೊಸ ಮುಖಗಳು ಬೇಡ, ಇಲ್ಲಿ ಅವರನ್ನು ನೋಡಿಕೊಳ್ಳುವ ಅಮ್ಮಂದಿರಿಗೆ ಕೈಜೋಡಿಸುವವರು ಬೇಕು. ಹೊಲಿಗೆ ಮಷೀನುಗಳು ಕೆಟ್ಟು ಕೂತಿವೆ. ಜನವರಿಯಲ್ಲಿ ಶಾಲೆ ಶುರುವಾಗುತ್ತೆ, ಅಷ್ಟರೊಳಗೆ ಯೂನಿಫಾರ್ಮ್ ಆಗಬೇಕು. ಪತ್ರ ಓದಿದ ಮೇಲೆ ಪಾಸ್ಟರ್ ನನ್ನ ಕಡೆ ನೋಡಿದರು. ದೀಪಾವಳಿ ಮುಗಿಸಿಕೊಂಡು ನವೆಂಬರಿನಲ್ಲಿ ಹೊರಟೆವು. ಜೊತೆಗೆ ಒಬ್ಬರು ನರ್ಸು, ಒಬ್ಬ ಎಲೆಕ್ಟ್ರಿಷಿಯನ್, ಅಕೌಂಟ್ಸ್ ಗೊತ್ತಿರುವ, ಸಭೆಯ ಯೂತ್ ಗುಂಪಿನ ಹುಡುಗ. ನವೆಂಬರ್ ಅಂದರೆ ಅಲ್ಲಿ ಸಣ್ಣ ಮಳೆಗಾಲ. ಕರೆಂಟು ಹೋಗಿ ಬಂದು ಮಾಡುತ್ತೆ. ಅದಕ್ಕೇ ಕಾಲಲ್ಲಿ ತುಳಿಯುವ ಮಷೀನೇ ಅಲ್ಲಿಗೆ ಸರಿ.

ತಯಾರಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಕೀನ್ಯಾದಿಂದ ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಿನಲ್ಲಿ ಯೆಲ್ಲೋ ಫೀವರ್ ಲಸಿಕೆಯ ಕಾರ್ಡು ಕೇಳುತ್ತಾರೆ. ಲಸಿಕೆ ಹಾಕಿಸಿ 10 ದಿನ ಆದ ಮೇಲೆ ಮಾತ್ರ ಕಾರ್ಡು ಚಾಲ್ತಿಗೆ ಬರುತ್ತೆ. ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಆದ್ದರಿಂದ ಕೊನೇ ವಾರಕ್ಕೆ ಬಿಡಬೇಡಿ. ಕಿಸುಮು ವಿಕ್ಟೋರಿಯಾ ಸರೋವರದ ದಡದಲ್ಲಿದೆ, ಮಲೇರಿಯಾ ಇರುವ ಜಾಗ. ಡಾಕ್ಟರ್ ಹೇಳಿದ ಮಾತ್ರೆ ಬಿಡದೆ ತಗೊಳ್ಳಬೇಕು. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧ. ನಾವು ಮುಂಬೈಯವರು ಚಪ್ಪಲಿಯಿಂದ ಚಟ್ನಿಪುಡಿವರೆಗೆ ಎಲ್ಲಾ ಪ್ಲಾಸ್ಟಿಕ್ಕಲ್ಲೇ ಸುತ್ತುತ್ತೇವಲ್ವಾ, ಅದಕ್ಕೆ ನಾನು ಎಲ್ಲರಿಗೂ ಬಟ್ಟೆ ಚೀಲ ಹೊಲಿದುಕೊಟ್ಟೆ. ಇನ್ನು ಸೇವೆಗೆ ಹೋಗುವವರಿಗೆ ಪ್ರವಾಸಿಗಳ ಅನುಮತಿ ಸಾಕು ಅಂದುಕೊಳ್ಳಬೇಡಿ. ಯಾವ ಪರವಾನಗಿ ಬೇಕು ಅಂತ ಕರೆಸಿಕೊಳ್ಳುವವರಿಂದಲೇ ಮೊದಲು ಬರೆಸಿಕೊಳ್ಳಿ. ಸಭೆಯ ಟ್ರಸ್ಟಿನ ಹಣ ಹೊರದೇಶದಲ್ಲಿ ಖರ್ಚು ಮಾಡುವ ಮುಂಚೆ ನಿಮ್ಮ ಸಿಎ ಹತ್ತಿರ ಕೂತು ಮಾತಾಡಿ, ಇನ್‌ಕಮ್ ಟ್ಯಾಕ್ಸ್ ನಿಯಮ ಇದೆ.

ಆ ಮನೆಯವರು ನಮ್ಮೆಲ್ಲರಿಂದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳಿದರು. ಪಾಸ್‌ಪೋರ್ಟ್ ಆಫೀಸಿನ ಮೂಲಕ ಮಾಡಿಸಿದೆವು. 'ಸೇವೆಗೆ ಹೋಗುವವರಿಗೆ ಪೊಲೀಸ್ ಪತ್ರ ಯಾಕೆ?' ಅಂತ ಕೆಲವು ಹಿರಿಯರಿಗೆ ಬೇಜಾರಾಯಿತು. ನನಗಂತೂ ಸಮಾಧಾನ ಆಯಿತು. ಯಾರು ಬಂದರೂ ಬಾಗಿಲು ತೆರೆಯುವ ಮನೆಗಿಂತ ಕಾಗದ ಕೇಳುವ ಮನೆ ಮೇಲು. ಮಕ್ಕಳ ಜೊತೆ ಒಬ್ಬರೇ ಇರಬಾರದು, ಯಾವ ಮಗುವಿಗೂ ಬೇರೆಯಾಗಿ ಉಡುಗೊರೆ ಕೊಡಬಾರದು, ಮತ್ತೆ ಬರ್ತೀನಿ ಅಂತ ಮಾತು ಕೊಡಬಾರದು, ಮುಖ ಕಾಣುವ ಫೋಟೋ ಎಲ್ಲೂ ಹಾಕಬಾರದು. ಇಷ್ಟಕ್ಕೂ ಸಹಿ ಹಾಕಿ ಹೋದೆವು. 'ಆಂಟಿ, ಫೋಟೋ ಇಲ್ಲ ಅಂದ್ರೆ ಕಾಣಿಕೆ ಕೊಟ್ಟವರಿಗೆ ಏನು ತೋರಿಸೋದು?' ಅಂದ ಅಕೌಂಟ್ಸ್ ಹುಡುಗ. 'ಬಿಲ್ಲು ತೋರಿಸು, ರಿಪೇರಿ ಆದ ಮಷೀನ್ ತೋರಿಸು' ಅಂದೆ. ಹಾಗೇ ತೋರಿಸಿದೆವು. ಯಾರೂ ತಕರಾರು ಮಾಡಲಿಲ್ಲ.

ಅಲ್ಲಿ ಹೋದ ಮೊದಲ ದಿನ ನಮ್ಮನ್ನು ಕೂರಿಸಿಕೊಂಡು ವಿಷಯ ತಿಳಿಸಿದರು. ಆ ಭಾಗದಲ್ಲಿ ಏಡ್ಸ್‌ನಿಂದ ತಂದೆತಾಯಿ ಕಳಕೊಂಡ ಮಕ್ಕಳು ಬಹಳ. ಆದರೆ ಮಕ್ಕಳ ಮನೆಗಳಲ್ಲಿ ಇರುವವರೆಲ್ಲ ಪೂರಾ ಅನಾಥರಲ್ಲ. ಪ್ರಪಂಚದಲ್ಲಿ ಇಂಥ ಮನೆಗಳಲ್ಲಿರುವ 5 ಮಕ್ಕಳಲ್ಲಿ 4 ಜನಕ್ಕೆ ಅಪ್ಪನೋ ಅಮ್ಮನೋ ಬದುಕಿದ್ದಾರೆ ಅಂತ ಸೇವ್ ದಿ ಚಿಲ್ಡ್ರನ್ ಸಂಸ್ಥೆ 2009ರಲ್ಲೇ ಹೇಳಿತ್ತು. ಅವರನ್ನು ಅಲ್ಲಿಗೆ ತಂದು ಬಿಟ್ಟಿದ್ದು ಬಡತನ. ಕೀನ್ಯಾದಲ್ಲಿ 2003ರಿಂದ ಸರ್ಕಾರಿ ಪ್ರಾಥಮಿಕ ಶಾಲೆಗೆ ಫೀಸಿಲ್ಲ, ಆದರೆ ಯೂನಿಫಾರ್ಮ್, ಶೂಸು ಮನೆಯವರೇ ತರಬೇಕು. ನಾಲ್ಕು ಮೊಮ್ಮಕ್ಕಳನ್ನು ಸಾಕುವ ಅಜ್ಜಿಗೆ ಅದೇ ಭಾರ. ಈಗ ಅಲ್ಲಿನ ಸರ್ಕಾರ ಮಕ್ಕಳನ್ನು ಇಂಥ ಮನೆಗಳಿಂದ ಸ್ವಂತ ಕುಟುಂಬಕ್ಕೆ, ನೆಂಟರಿಗೆ, ಸಾಕುಮನೆಗೆ (ಮಗುವನ್ನು ತಮ್ಮ ಮನೆಯಲ್ಲೇ ಇಟ್ಟು ಸಾಕುವ ಬೇರೆ ಕುಟುಂಬಕ್ಕೆ) ಕಳಿಸುವ ದಾರಿ ಹಿಡಿದಿದೆ. 2022ರಿಂದ 2032ರವರೆಗಿನ ಯೋಜನೆಯನ್ನೇ ಮಾಡಿದ್ದಾರೆ. ನಾವು ಹೋದ ಮನೆಯಿಂದಲೂ ಕೆಲವು ಮಕ್ಕಳು ಅಜ್ಜಿ, ದೊಡ್ಡಮ್ಮನ ಮನೆಗೆ ವಾಪಸ್ ಹೋಗುವವರಿದ್ದರು. ನಾವು ಹೊಲಿದ ಮೊದಲ ಯೂನಿಫಾರ್ಮ್ ಅವರಿಗೇ.

ನಾವು ಗೇಟು ದಾಟಿದ್ದೇ ತಡ ಚಿಕ್ಕ ಮಕ್ಕಳು ಓಡಿ ಬಂದು ಕೈ ಹಿಡಿದುಕೊಂಡಿದ್ದರು. ಎಷ್ಟು ಪ್ರೀತಿ ಅಂತ ನಮ್ಮವರ ಕಣ್ಣು ತುಂಬಿತು. ಮೇಲ್ವಿಚಾರಕಿ ಮೆತ್ತಗೆ ಹೇಳಿದರು: ಗುರುತಿಲ್ಲದವರ ಕೈಯನ್ನು ಮಗು ಹೀಗೆ ಹಿಡಿದರೆ ಖುಷಿಪಡಬೇಡಿ. ನೋಡಿಕೊಳ್ಳುವವರು ಮೇಲಿಂದ ಮೇಲೆ ಬದಲಾದರೆ ಮಗು ಯಾರನ್ನಾದರೂ ಹಿಡಿಯಲು ಕಲಿಯುತ್ತೆ, ಒಬ್ಬರನ್ನು ನಂಬಿ ಇರಲು ಕಲಿಯಲ್ಲ. ರೊಮೇನಿಯಾದಲ್ಲಿ 2000ದಲ್ಲಿ ಶುರುವಾದ ಅಧ್ಯಯನದಲ್ಲಿ, ಸಂಸ್ಥೆಗಳಿಂದ ಸಾಕುಮನೆಗೆ ಬೇಗ ಹೋದ ಮಕ್ಕಳು ಹೆಚ್ಚು ಚೇತರಿಸಿಕೊಂಡಿದ್ದು ಕಂಡಿತ್ತು. ಅವತ್ತಿಂದ ನಮ್ಮ ಹತ್ತಿರ ಬಂದ ಮಗುವನ್ನು ನಗುತ್ತಾ ಮಾತಾಡಿಸಿ ಅದನ್ನು ನೋಡಿಕೊಳ್ಳುವ ಅಮ್ಮನ ಕಡೆಗೇ ಕರಕೊಂಡು ಹೋಗುತ್ತಿದ್ದೆವು. ಆ ಮನೆಯಲ್ಲಿ ನೋಡಿಕೊಳ್ಳುವ ಹೆಂಗಸರನ್ನು ಮಕ್ಕಳು ಮಾಮಾ ಅಂತ ಕರೆಯುತ್ತಾರೆ, ಅಲ್ಲಿ ಮಾಮಾ ಅಂದರೆ ಅಮ್ಮ.

ಇನ್ನು ಮಷೀನಿನ ಕೆಲಸ. ಮೊದಲನೆಯದಕ್ಕೆ ಯಾರೋ ಅಡುಗೆ ಎಣ್ಣೆ ಬಿಟ್ಟಿದ್ದರು. ಅದು ಧೂಳು ಕುಡಿದು ಅಂಟಿನ ಹಾಗೆ ಗಟ್ಟಿಯಾಗಿ ಚಕ್ರವೇ ತಿರುಗುತ್ತಿರಲಿಲ್ಲ. ಸೀಮೆಎಣ್ಣೆ ಹಚ್ಚಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಒರೆಸಿ ಮಷೀನ್ ಆಯಿಲ್ ಹಾಕಿದ ಮೇಲೆ ನಿಧಾನಕ್ಕೆ ಸಡಿಲವಾಯಿತು. ಇನ್ನೊಂದರ ಶಟಲ್ ಒಳಗೆ ನೂಲಿನ ಕಸ ತುಂಬಿ, ಬಟ್ಟೆಯ ಅಡಿಯಲ್ಲಿ ದಾರ ಗಂಟು ಗಂಟಾಗುತ್ತಿತ್ತು. ಮತ್ತೊಂದರ ಚರ್ಮದ ಬೆಲ್ಟು ಹಿಗ್ಗಿತ್ತು, ಸ್ವಲ್ಪ ಕತ್ತರಿಸಿ ಕೊಂಡಿ ಹಾಕಿದರೆ ಆಯಿತು. ಸೂಜಿಯ ಚಪ್ಪಟೆ ಬದಿ ಉಲ್ಟಾ ಕೂತು ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿದ್ದದ್ದೂ ಇತ್ತು. ಒಂದನ್ನೂ ನಾನೇ ಪೂರ್ತಿ ಮಾಡಲಿಲ್ಲ. ಪ್ಲೇಟ್ ಬಿಚ್ಚಿ ತೋರಿಸುವುದು, ಮತ್ತೆ ಜೋಡಿಸುವುದು, ಆಮೇಲೆ ಒಬ್ಬ ಮಾಮಾ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ಸುಮ್ನೆ ಪಕ್ಕದಲ್ಲಿ ಕೂರುವುದು. ಅವಸರ ಆಗುತ್ತೆ, ಕೈ ತುರಿಸುತ್ತೆ, ಆದರೂ ಕೂರಬೇಕು. ನಾವು ಹೊರಟ ಮರುದಿನ ಮಷೀನ್ ಕೆಟ್ಟರೆ ಬಿಚ್ಚಬೇಕಾದವರು ಅವರೇ ಅಲ್ವಾ.

ಮುಂಬೈಯಿಂದ ನಾನು ತಂದಿದ್ದು ಸೂಜಿ, ಬಾಬಿನ್, ಟೇಪು, ಎರಡು ಒಳ್ಳೆ ಕತ್ತರಿ ಅಷ್ಟೆ. ಮಂಗಲದಾಸ್ ಮಾರ್ಕೆಟಿಂದ ಬಟ್ಟೆ ಹೊರಿಸೋಣ ಅಂತ ಸಭೆಯಲ್ಲಿ ಆಸೆ ಇತ್ತು. ಬೇಡ ಅಂದೆ. ಬಟ್ಟೆಯನ್ನು ಕಿಸುಮುವಿನಲ್ಲೇ ಕೊಂಡೆವು, ಆ ಶಾಲೆಯ ಬಣ್ಣವೂ ಅಲ್ಲೇ ಸರಿಯಾಗಿ ಸಿಗುತ್ತೆ, ಅಂಗಡಿಯವರಿಗೂ ನಾಲ್ಕು ಕಾಸಾಗುತ್ತೆ. ಹಳೇ ಬಟ್ಟೆಯಂತೂ ಬೇಡವೇ ಬೇಡ. ಅಲ್ಲಿನ ಕಿಬುಯೆ ಮಾರ್ಕೆಟಿನಲ್ಲಿ ಹೊರದೇಶದಿಂದ ಬಂದ ಹಳೇ ಬಟ್ಟೆ ರಾಶಿ ರಾಶಿ ಬಿದ್ದಿರುತ್ತೆ.

ಅಳತೆ ತೆಗೆಯುವಾಗ ಟೇಪು ಹಿಡಿದದ್ದು ಮಾಮಾಗಳು, ಬರೆದುಕೊಂಡವಳು ನಾನು. ಎದೆ, ಸೊಂಟ ಅಂತ ಹೊಸಬರು ಮಕ್ಕಳ ಮೈ ಮುಟ್ಟುವುದು ಬೇಡ ಅಂತ ಮೊದಲೇ ಮಾತಾಗಿತ್ತು. ದೊಡ್ಡ ಹುಡುಗಿಯರು ತಮ್ಮ ಅಳತೆ ತಾವೇ ತೆಗೆದುಕೊಂಡರು. ಸ್ಕರ್ಟಿನ ಕೆಳಗೆ ಮೂರು ಇಂಚು ಮಡಿಕೆ, ಪಕ್ಕದಲ್ಲಿ ಧಾರಾಳ ಮಾರ್ಜಿನ್, ಚಡ್ಡಿಯ ಕೂರುವ ಜಾಗಕ್ಕೆ ಒಳಗಿಂದ ಇನ್ನೊಂದು ಪದರ. ಡೊಂಬಿವಲಿಯಲ್ಲಿ ತಾಯಂದಿರು ಇದನ್ನೇ ಹೇಳಿ ಹೊಲಿಸುತ್ತಾರೆ, ಒಂದು ಜೊತೆ ಎರಡು ವರ್ಷಕ್ಕೆ ಬರಲಿ ಅಂತ. ಇಲ್ಲಿ ಕೇಳುವ ತಾಯಿ ಇಲ್ಲದ ಮಗುವಿಗೆ ನಾನೇ ನೆನಪಿಟ್ಟು ಬಿಡಬೇಕು. ಪ್ರತಿ ಸೈಜಿಗೂ ಪೇಪರ್ ಕಟಿಂಗ್ ಮಾಡಿ, ಮೇಲೆ ಇಂಗ್ಲಿಷಿನಲ್ಲಿ ಬರೆದು, ಹಲಗೆ ಮೇಲೆ ತೂಗುಹಾಕಿ ಬಂದೆವು.

ಊಟದ ಬಗ್ಗೆ ನಮ್ಮವರಿಗೆ ಹೆದರಿಕೆ ಇತ್ತು. ಬೆಳಗ್ಗೆ ಉಜಿ ಅಂತ ಗಂಜಿ ಕೊಡುತ್ತಾರೆ, ರಾಗಿದೋ ಬಿಳಿಜೋಳದ್ದೋ. ನಮ್ಮ ಅಂಬಲಿಯೇ! ಎರಡೂ ಧಾನ್ಯ ಮೂಲದಲ್ಲಿ ಆಫ್ರಿಕಾದ್ದೇ. ಚಪಾತಿಗೆ ಅಲ್ಲೂ ಚಪಾತಿ ಅಂತಲೇ ಹೆಸರು, ಮಕ್ಕಳಿಗೆ ಪ್ರಾಣ. ಅಡುಗೆಮನೆಯಲ್ಲಿ ಮಾಮಾಗಳ ಜೊತೆ ಲಟ್ಟಿಸುತ್ತಾ ಕೂತಾಗಲೇ ನಿಜವಾದ ಮಾತುಕತೆ ನಡೆದದ್ದು. ಸಂಬಳ ತಡವಾಗುತ್ತೆ, ರಜೆ ಸಿಗಲ್ಲ, ತಮ್ಮ ಮಕ್ಕಳು ಊರಲ್ಲಿ. ಬರುವ ತಂಡಗಳೆಲ್ಲ ಮಕ್ಕಳನ್ನು ಕೇಳುತ್ತವೆ, ಇವರನ್ನು ಯಾರೂ ಕೇಳಲ್ಲ. ಕಾಣಿಕೆಯಲ್ಲಿ ಉಳಿದದ್ದನ್ನು ಮಾಮಾಗಳ ರಜೆಯಲ್ಲಿ ಬದಲಿ ಬರುವ ಹೆಂಗಸಿನ ಸಂಬಳಕ್ಕೆ ಇಡಿ ಅಂತ ನಾವೇ ಕೇಳಿಕೊಂಡೆವು. ಸಂಬಳ, ನಿದ್ದೆ ಸರಿ ಇದ್ದರೆ ಮಾಮಾ ಕೆಲಸ ಬಿಟ್ಟು ಹೋಗಲ್ಲ. ಮಾಮಾ ಉಳಿದರೆ ಮಗುವಿಗೆ ಆಧಾರ.

ಮಷೀನು ತೊಂದರೆ ಕೊಟ್ಟಾಗ ಈಗಲೂ ವಾಟ್ಸಾಪಿನಲ್ಲಿ ವಿಡಿಯೋ ಬರುತ್ತೆ. ನೋಡಿ ಹೇಳುತ್ತೇನೆ. ಇತ್ತೀಚೆಗೆ ಬರುವುದೂ ಕಮ್ಮಿ.

ಮಕ್ಕಳ ಜೊತೆಯೇ ಇರಬೇಕು ಅನ್ನುವ ಆಸೆ ಇರುವವರಿಗೆ ನಾನು ಮುಂಬೈಯನ್ನೇ ತೋರಿಸುತ್ತೇನೆ. ಕಷ್ಟದಲ್ಲಿರುವ ಮಕ್ಕಳ 1098 ಫೋನ್ ಸೇವೆ 1996ರಲ್ಲಿ ಶುರುವಾಗಿದ್ದೇ ಈ ಊರಲ್ಲಿ. ಇಲ್ಲಿಯ ಮಕ್ಕಳ ಮನೆಗಳಿಗೆ ವರ್ಷಗಟ್ಟಲೆ ಬರುವ ಅಕ್ಕಂದಿರು, ಅಣ್ಣಂದಿರು ಬೇಕು. ನಮ್ಮ ಸ್ತ್ರೀಯರ ಸಂಘದ ಇಬ್ಬರು ಥಾಣೆ ಜಿಲ್ಲೆಯ ಒಂದು ಮನೆಗೆ ಶನಿವಾರ ಶನಿವಾರ ಹೋಗಿ ಲೆಕ್ಕ ಹೇಳಿಕೊಡುತ್ತಾರೆ. ಒಂದು ವರ್ಷ ತಪ್ಪದೆ ಬರುತ್ತೇವೆ ಅಂತ ಬರೆದುಕೊಟ್ಟ ಮೇಲೆಯೇ ಅಲ್ಲಿಯವರು ಒಳಗೆ ಬಿಟ್ಟಿದ್ದು.