ಏಳು ತಂತಿಯ ಗಿಟಾರಿಗೆ ಬ್ರಿಡ್ಜ್ ಪಿಕಪ್ ಆರಿಸುವುದು: ರಸಮಂಜರಿಗೂ ಮೆಟಲ್‌ಗೂ ಒಂದೇ ವಾದ್ಯ

ತುಮಕೂರಿನ ಆರ್ಕೆಸ್ಟ್ರಾಗಳಲ್ಲಿ ಏಳು ತಂತಿಯ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ಕಡಿಮೆ. ನಾನು ಅವರಲ್ಲೊಬ್ಬ. ಶನಿವಾರ ರಾತ್ರಿ ಕ್ಯಾತ್ಸಂದ್ರದ ಕಡೆಯ ಕಲ್ಯಾಣ ಮಂಟಪದಲ್ಲಿ ರಸಮಂಜರಿ ಇದ್ದರೆ, ಭಾನುವಾರ ಮಧ್ಯಾಹ್ನ ಎಸ್.ಎಸ್. ಪುರಂನ ಗೆಳೆಯರ ಕೋಣೆಯಲ್ಲಿ ಮೆಟಲ್ ಸಂಗೀತ. ಒಂದು ಕಡೆ ಚಿತ್ರಗೀತೆಯ ಚರಣಕ್ಕೆ ಮೊದಲು ಬರುವ ಬಿಡಿಬಿಡಿ ಸ್ವರಗಳು ನೀರಿನಷ್ಟು ತಿಳಿಯಾಗಿ ಕೇಳಬೇಕು. ಇನ್ನೊಂದು ಕಡೆ ಏಳನೆಯ ತಂತಿಯನ್ನು ಅಂಗೈಯಿಂದ ಒತ್ತಿ ಹೊಡೆದಾಗ ಪೆಟ್ಟು ನೆಲಕ್ಕೆ ಬಿದ್ದಂತೆ ಗಟ್ಟಿಯಾಗಿರಬೇಕು. ಎರಡು ಗಿಟಾರ್ ಹೊತ್ತು ಖಾಸಗಿ ಬಸ್ಸಿನಲ್ಲಿ ಕುಣಿಗಲ್, ಗುಬ್ಬಿ ಸುತ್ತುವುದು ಆಗದ ಮಾತು. ಹಾಗಾಗಿ ಒಂದೇ ಬ್ರಿಡ್ಜ್ ಪಿಕಪ್ (ತಂತಿಗಳ ಬುಡದ ಬ್ರಿಡ್ಜ್ ಪಕ್ಕದಲ್ಲಿದ್ದು, ಅವುಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಅಯಸ್ಕಾಂತ ಮತ್ತು ಸುರುಳಿ) ಎರಡನ್ನೂ ನಿಭಾಯಿಸಬೇಕು.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಮಧ್ಯಮ ಶಕ್ತಿಯ, ಅಲ್ನಿಕೊ 5 ಎಂಬ ಮಿಶ್ರಲೋಹದ ಅಯಸ್ಕಾಂತದ, ನಾಲ್ಕು ವೈರ್ ಹೊರಬರುವ ಹಮ್‌ಬಕರ್ (ವಿದ್ಯುತ್ತಿನ ಗುಂಯ್ ಸದ್ದನ್ನು ಅಳಿಸುವ ಎರಡು ಸುರುಳಿಯ ಪಿಕಪ್) ತೆಗೆದುಕೊಳ್ಳಿ. ಅದರ ಎರಡು ಸುರುಳಿಗಳನ್ನು ಸರಣಿಯಿಂದ ಸಮಾಂತರಕ್ಕೆ ಬದಲಿಸುವ ಸ್ವಿಚ್ ಹಾಕಿಸಿ. ಅತಿ ಜೋರಾದ ಪಿಕಪ್‌ನ ಹಿಂದೆ ಹೋಗಬೇಡಿ. ಜೋರು ಬೇಕೆಂದರೆ ಕಾಲಬುಡದಲ್ಲಿ ಪೆಡಲ್ ಇದೆ, ಆಂಪ್ಲಿಫೈಯರ್‌ನಲ್ಲಿ ಗೇನ್ ಇದೆ. ಪಿಕಪ್‌ನಲ್ಲೇ ಕಳೆದುಹೋದ ಸ್ಪಷ್ಟತೆಯನ್ನು ಮಾತ್ರ ಆಮೇಲೆ ಯಾವ ಪೆಡಲ್ ಕೂಡ ತಂದುಕೊಡುವುದಿಲ್ಲ.

ದುಡ್ಡು ಬಿಚ್ಚುವ ಮೊದಲು ದೋಷ ಪಿಕಪ್‌ನದ್ದೇ ಎಂದು ಖಚಿತಪಡಿಸಿಕೊಳ್ಳಿ. ಗಿಟಾರನ್ನು ಎಲ್ಲಿಗೂ ಜೋಡಿಸದೆ, ಮೌನವಾದ ಕೋಣೆಯಲ್ಲಿ ಏಳನೆಯ ತಂತಿಯನ್ನು ಮೀಟಿ. ಅಲ್ಲೇ ಅದು ಸಡಿಲವಾಗಿ ಬಡಿದುಕೊಳ್ಳುತ್ತಿದ್ದರೆ ತಂತಿ ತೆಳುವಾಗಿದೆ. ಸ್ಕೇಲ್ (ತಂತಿ ಮಿಡಿಯುವ ಉದ್ದ) 25.5 ಇಂಚಿನದಾಗಿದ್ದು ಬಿ ಶ್ರುತಿಯಲ್ಲಿ ನುಡಿಸುವವರಿಗೆ ನಾನು 0.060 ಇಂಚಿನ ಆಸುಪಾಸಿನ ತಂತಿಯನ್ನು ಹೇಳುತ್ತೇನೆ. ಶ್ರುತಿಯನ್ನು ಎ ತನಕ ಇಳಿಸುವವರಿಗೆ ಇನ್ನೂ ದಪ್ಪದ್ದು, ಇಲ್ಲವೇ 26.5 ಅಥವಾ 27 ಇಂಚಿನ ಸ್ಕೇಲಿನ ಗಿಟಾರೇ ಬೇಕು. ಸಡಿಲ ತಂತಿಯ ಸದ್ದನ್ನು ಎಷ್ಟೇ ಬೆಲೆಯ ಪಿಕಪ್ ಕೂಡ ಬಿಗಿ ಮಾಡುವುದಿಲ್ಲ. ಆಮೇಲೆ ವಾಲ್ಯೂಮ್ ಪಾಟ್, ಅಂದರೆ ಸದ್ದು ಏರಿಳಿಸುವ ತಿರುಗಣೆಯ ರೋಧಕವನ್ನು ಅಳೆಯಿರಿ. ಹಮ್‌ಬಕರ್‌ಗೆ 500 ಕಿಲೋ ಓಮ್ ವಾಡಿಕೆ. ಅಲ್ಲಿ 250 ಕೂತಿದ್ದರೆ ಸದ್ದು ಕಂಬಳಿ ಹೊದ್ದಂತೆ ಮಂಕಾಗಿರುತ್ತದೆ, ಬೈಗುಳ ಪಿಕಪ್‌ಗೆ ಬೀಳುತ್ತದೆ. 500 ಎಂದು ಮುದ್ರಿಸಿದ್ದರೂ ಶೇಕಡಾ 20ರಷ್ಟು ಹೆಚ್ಚುಕಡಿಮೆ ಇರುವುದು ಸಾಮಾನ್ಯ. ಮೀಟರ್ 400 ತೋರಿಸಿದರೂ ಅದು ಕೆಟ್ಟಿದೆ ಎಂದರ್ಥವಲ್ಲ.

ಆರು ತಂತಿಯ ಗಿಟಾರಿಗೆ ಒಪ್ಪುವ ಪಿಕಪ್‌ನ ಏಳು ತಂತಿಯ ರೂಪ ಏಕೆ ಕೆಲವೊಮ್ಮೆ ಕೈಕೊಡುತ್ತದೆ? ಆರನೆಯ ತಂತಿ ಇ ಸ್ವರದಲ್ಲಿ ಸುಮಾರು 82 ಹರ್ಟ್ಸ್, ಏಳನೆಯದು ಬಿ ಸ್ವರದಲ್ಲಿ ಸುಮಾರು 62 ಹರ್ಟ್ಸ್. ಆ ಮಂದ್ರದಲ್ಲಿ ಬೇಸ್ ಗಿಟಾರ್, ಕಿಕ್ ಡ್ರಮ್, ಕೀಬೋರ್ಡ್‌ನ ಎಡಗೈ ಎಲ್ಲವೂ ಆಗಲೇ ಜಾಗ ಹಿಡಿದಿರುತ್ತವೆ. ನಮ್ಮ ತಂತಿ ಕೇಳಿಸುವುದು ಅದರ ಮೂಲಸ್ವರದಿಂದಲ್ಲ, ಮೇಲಿನ ಅನುಸ್ವರಗಳಿಂದ. ತಳ ದಪ್ಪವಾಗಿರುವ ಪಿಕಪ್ ಕೋಣೆಯಲ್ಲಿ ಒಬ್ಬರೇ ನುಡಿಸುವಾಗ ಕಿವಿಗೆ ಹಬ್ಬ. ವೇದಿಕೆಗೆ ಹೋದರೆ ಬರೀ ಗುಡುಗುಡು. ಆದ್ದರಿಂದ ತಳ ಬಿಗಿಯಾಗಿರುವ, ಮಧ್ಯದ ಮೇಲ್ಭಾಗ ತುಸು ಎದ್ದು ನಿಲ್ಲುವ ಪಿಕಪ್ಪೇ ಏಳನೆಯ ತಂತಿಗೆ ಹಿತ.

ಪಿಕಪ್ ವಿವರಪಟ್ಟಿಯಲ್ಲಿ ಎಲ್ಲರ ಕಣ್ಣು ಮೊದಲು ಬೀಳುವುದು ಕಿಲೋ ಓಮ್ ಅಂಕಿಯ ಮೇಲೆ, ಅಂದರೆ ಸುರುಳಿಯ ರೋಧದ ಮೇಲೆ. 16 ಎಂದರೆ 12ಕ್ಕಿಂತ ಜೋರು ಎಂದು ನಂಬುತ್ತಾರೆ. ಅಂತರಸನಹಳ್ಳಿಯಲ್ಲಿ ನನ್ನ ಅಣ್ಣನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ಸುರುಳಿ ಸುತ್ತುವುದು ಅವನ ಕಸುಬು. ಈ ನಂಬಿಕೆಯನ್ನು ಅವನ ಮುಂದೆ ಇಟ್ಟರೆ ಅವನು ಕೇಳುವುದು ಒಂದೇ ಪ್ರಶ್ನೆ: ಯಾವ ಗೇಜಿನ ತಂತಿ? ಪ್ರಶ್ನೆ ಸರಿಯಾಗಿದೆ. ಪಿಕಪ್‌ಗಳಲ್ಲಿ ಹೆಚ್ಚಾಗಿ ಬಳಸುವ 42 ಗೇಜಿನ ತಾಮ್ರದ ಎಳೆ ಸುಮಾರು 0.063 ಮಿಲಿಮೀಟರ್ ದಪ್ಪ, 43 ಗೇಜಿನದು ಸುಮಾರು 0.056. ಅಷ್ಟೇ ಸುತ್ತುಗಳನ್ನು ತೆಳು ಎಳೆಯಲ್ಲಿ ಸುತ್ತಿದರೆ ರೋಧ ಏರುತ್ತದೆ, ಸದ್ದು ಅಷ್ಟೇನೂ ಏರುವುದಿಲ್ಲ. ಬಿಸಿಲಿಗೂ ರೋಧ ಬದಲಾಗುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಶೇಕಡಾ 0.4ರಷ್ಟು ಏರುವುದರಿಂದ, 20 ಡಿಗ್ರಿಯಲ್ಲಿ 12 ಕಿಲೋ ಓಮ್ ತೋರಿಸಿದ ಪಿಕಪ್ ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿಯಲ್ಲಿ 12.7 ತೋರಿಸುತ್ತದೆ. ಒಂದೇ ಕಂಪನಿಯ ಒಂದೇ ಬಗೆಯ ಎರಡು ಪಿಕಪ್‌ಗಳನ್ನು ಹೋಲಿಸಲು ಈ ಅಂಕಿ ಸಾಕು. ಅದಕ್ಕಿಂತ ಹೆಚ್ಚಿನ ಭಾರ ಅದರ ಮೇಲೆ ಹೇರಬೇಡಿ. ಹೆನ್ರಿಗಳಲ್ಲಿ ಇಂಡಕ್ಟೆನ್ಸ್ ಕೊಟ್ಟಿದ್ದರೆ ಅದನ್ನು ನೋಡಿ. ಅದು ಹೆಚ್ಚಿದಷ್ಟೂ ಸದ್ದು ದಪ್ಪ, ಮೇಲಿನ ಹೊಳಪು ಕಡಿಮೆ.

ಇನ್ನು ಅಯಸ್ಕಾಂತ. ಸೆರಾಮಿಕ್‌ನದು ಬಿಗಿಯಾದ, ಚೂಪಾದ ದನಿ. ಹೆಚ್ಚು ಗೇನ್‌ನಲ್ಲಿ ಪ್ರತಿ ಪೆಟ್ಟೂ ಬಿಡಿಸಿ ಕೇಳುತ್ತದೆ. ಆದರೆ ಡಿಸ್ಟಾರ್ಷನ್ (ಮೆಟಲ್‌ನ ಒರಟು ದನಿ) ತೆಗೆದು ಭಾವಗೀತೆಗೆ ಹಿನ್ನೆಲೆ ನುಡಿಸಿದರೆ ಗಾಜು ಕೆರೆದಂತಾಗುವುದು ನನ್ನ ಕಿವಿಗೆ ಹಿಡಿಸುವುದಿಲ್ಲ. ಅಲ್ನಿಕೊ 2 ತೀರಾ ಮೃದು, ಏಳನೆಯ ತಂತಿಯಲ್ಲಿ ಅಂಚು ಕರಗಿಹೋಗುತ್ತದೆ. ಅಲ್ನಿಕೊ 5 ಇವೆರಡರ ನಡುವೆ ನಿಂತು, ಬೆರಳಿನ ಒತ್ತಡಕ್ಕೆ ತಕ್ಕಂತೆ ಸ್ಪಂದಿಸುತ್ತದೆ. ನಾನು ಅದನ್ನು ಆರಿಸಲು ಇದೇ ಕಾರಣ. ಅಯಸ್ಕಾಂತ ಒಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ, ಸುತ್ತುಗಳ ಸಂಖ್ಯೆಯೂ ಅಷ್ಟೇ ಮುಖ್ಯ. ಆದರೂ ಹುಡುಕಾಟ ಶುರುಮಾಡಲು ಇದು ಒಳ್ಳೆಯ ತುದಿ.

ಹೆಸರು ಹೇಳಿ ಎನ್ನುವವರಿಗೆ: ಸೆಮೂರ್ ಡಂಕನ್‌ನ ಪೆಗಾಸಸ್ ಅಲ್ನಿಕೊ 5ರದು, ನನ್ನ ಮೊದಲ ಆಯ್ಕೆ. ಅದೇ ಕಂಪನಿಯ ನಾಜ್ಗುಲ್ ಸೆರಾಮಿಕ್, ಮೆಟಲ್ ಮಾತ್ರ ನುಡಿಸುವವರಿಗೆ. ಡಿಮಾರ್ಜಿಯೊದ ಟೋನ್ ಜೋನ್ 7 ಅಲ್ನಿಕೊ 5ರದ್ದಾದರೂ ತಳ ಮತ್ತು ಮಧ್ಯ ತುಂಬಾ ದಪ್ಪ. ತೆಳು ದನಿಯ ಮರಕ್ಕೆ ಅದು ಮೈ ತುಂಬಿಸುತ್ತದೆ, ಬಾಸ್‌ವುಡ್‌ಗೆ ಬೇಡ ಎನ್ನುತ್ತೇನೆ. ಗಿಟಾರ್ ವಾದಕ ಜಾನ್ ಪೆಟ್ರೂಚಿ ಅವರಿಗಾಗಿ ಅದೇ ಕಂಪನಿ ಮಾಡಿದ ಕ್ರಂಚ್ ಲ್ಯಾಬ್ ಸೆರಾಮಿಕ್ ಆದರೂ ಸೋಲೋ ನುಡಿಸುವಾಗ ಹದವಾಗಿದೆ. ಬೇರ್ ನಕಲ್‌ನ ಜಗರ್‌ನಾಟ್‌ನಲ್ಲಿ ಅಲ್ನಿಕೊ, ಸೆರಾಮಿಕ್ ಎರಡೂ ಇವೆ. ಒಳ್ಳೆಯದು, ದುಬಾರಿ. 1990ರಲ್ಲಿ ಐಬನೆಜ್ ಕಂಪನಿ ಗಿಟಾರ್ ವಾದಕ ಸ್ಟೀವ್ ವಾಯ್ ಅವರೊಂದಿಗೆ ರೂಪಿಸಿದ ಯೂನಿವರ್ಸ್ ಗಿಟಾರಿನಲ್ಲಿ ಬಂದ ಡಿಮಾರ್ಜಿಯೊ ಬ್ಲೇಜ್ ಇಂದಿಗೂ ಸಿಗುತ್ತದೆ. ಫಿಶ್‌ಮನ್ ಫ್ಲೂಯೆನ್ಸ್ ಒಂದರಲ್ಲೇ ಹಲವು ದನಿ ಕೊಡುತ್ತದೆ ನಿಜ. ಆದರೆ ಅದಕ್ಕೂ ಇಎಂಜಿಯಂಥ ಆಕ್ಟಿವ್ ಪಿಕಪ್‌ಗಳಿಗೂ ಬ್ಯಾಟರಿ ಬೇಕು, ಪಾಟ್‌ಗಳನ್ನು 25 ಕಿಲೋ ಓಮ್‌ನವಕ್ಕೆ ಬದಲಿಸಬೇಕು. ರಾತ್ರಿ ಹನ್ನೊಂದರ ಹಳ್ಳಿ ಜಾತ್ರೆಯಲ್ಲಿ 9 ವೋಲ್ಟ್ ಬ್ಯಾಟರಿ ಹುಡುಕುವ ಪಾಡು ನನಗೆ ಬೇಡ.

ಅಳತೆಯಲ್ಲಿ ಎಚ್ಚರ. ಏಳು ತಂತಿಯ ಸಾಮಾನ್ಯ ಹಮ್‌ಬಕರ್ ಒಂದು ಗಾತ್ರ, ಆಕ್ಟಿವ್ ಪಿಕಪ್‌ಗಳ ಸೋಪಿನ ಆಕಾರದ ಡಬ್ಬಿ ಇನ್ನೊಂದು ಗಾತ್ರ. ಹಳೆಯದನ್ನು ಬಿಚ್ಚಿ ಗುಂಡಿಯ ಉದ್ದ, ಅಗಲ, ಆಳವನ್ನು ಮಿಲಿಮೀಟರ್‌ನಲ್ಲಿ ಬರೆದುಕೊಳ್ಳಿ. ಪಿಕಪ್ ಇರುವ ಜಾಗದಲ್ಲೇ ಒಂದನೆಯ ತಂತಿಯ ನಡುವಿನಿಂದ ಏಳನೆಯದರ ನಡುವಿಗೆ ಎಷ್ಟು ದೂರ ಎಂದೂ ಅಳೆಯಿರಿ. ಧ್ರುವದ ಮೊಳೆಗಳು ತಂತಿಯ ಕೆಳಗೆ ಸರಿಯಾಗಿ ಬರದಿದ್ದರೆ ಅಂಚಿನ ತಂತಿಗಳು ಮೆತ್ತಗಾಗಬಹುದು. ಮೊಳೆಗಳ ಬದಲು ಉದ್ದನೆಯ ಪಟ್ಟಿ ಇರುವ ಪಿಕಪ್‌ಗಳಿಗೆ ಈ ತಾಪತ್ರಯವಿಲ್ಲ. ಫ್ರೆಟ್‌ಗಳು ಓರೆಯಾಗಿರುವ ಮಲ್ಟಿಸ್ಕೇಲ್ ಗಿಟಾರಾದರೆ ಓರೆಯ ಕೋನವನ್ನೂ ಕೇಳಿಯೇ ತರಿಸಿ.

ಈಗ ಸ್ವಿಚ್ಚಿನ ವಿಷಯ. ಬಹುಮಂದಿ ಕಾಯಿಲ್ ಸ್ಪ್ಲಿಟ್ ಹಾಕಿಸುತ್ತಾರೆ, ಅಂದರೆ ಒಂದು ಸುರುಳಿಯನ್ನು ಬಂದ್ ಮಾಡಿ ಇನ್ನೊಂದರಲ್ಲೇ ನುಡಿಸುವುದು. ದನಿ ಚಂದ, ಆದರೆ ಹಮ್‌ಬಕರ್ ಹೆಸರಿಗೆ ಕಾರಣವಾದ ಗುಣವೇ ಹೊರಟುಹೋಗುತ್ತದೆ. ಗಣೇಶೋತ್ಸವದ ಪೆಂಡಾಲನ್ನು ನೆನೆಯಿರಿ: ಬಾಡಿಗೆ ಜನರೇಟರ್, ನೆಪಕ್ಕೆ ಹುಗಿದ ಅರ್ತಿಂಗ್ ಸರಳು, ವೇದಿಕೆಯ ಹಿಂದೆಯೇ ಎಲ್‌ಇಡಿ ಪರದೆ, ಪಕ್ಕದಲ್ಲಿ ಸೀರಿಯಲ್ ಸೆಟ್. ನಮ್ಮ ವಿದ್ಯುತ್ತಿನ 50 ಹರ್ಟ್ಸ್, ಅದರ ದುಪ್ಪಟ್ಟು 100 ಹರ್ಟ್ಸ್ ಗುಂಯ್‌ಗುಡುವುದು ಸರಿಯಾಗಿ ಏಳನೆಯ ತಂತಿಯ ನೆರೆಯಲ್ಲೇ. ಈಕ್ವಲೈಸರ್‌ನಲ್ಲಿ ಅದನ್ನು ಕತ್ತರಿಸಿದರೆ ತಂತಿಯೂ ಜೊತೆಗೆ ಕತ್ತರಿಸಿಹೋಗುತ್ತದೆ. ಸಮಾಂತರ ಜೋಡಣೆಯಲ್ಲಿ ಎರಡೂ ಸುರುಳಿಗಳು ಕೆಲಸದಲ್ಲೇ ಇರುವುದರಿಂದ ಗುಂಯ್ ಎನ್ನುವುದು ಅಳಿಸಿಹೋಗುತ್ತದೆ, ದನಿಯೂ ತೆಳುವಾಗಿ ಹೊಳೆಯುತ್ತದೆ. ತಲಾ 6 ಕಿಲೋ ಓಮ್‌ನ ಎರಡು ಸುರುಳಿಗಳು ಸರಣಿಯಲ್ಲಿ 12, ಸಮಾಂತರದಲ್ಲಿ 3 ತೋರಿಸುತ್ತವೆ. ಇಂಡಕ್ಟೆನ್ಸ್ ಕೂಡ ಸುಮಾರು ಕಾಲು ಭಾಗಕ್ಕೆ ಇಳಿಯುವುದೇ ಆ ಹೊಳಪಿನ ಗುಟ್ಟು. ಚಿತ್ರಗೀತೆಗಳ ಬಿಡಿ ಸ್ವರಗಳನ್ನೆಲ್ಲ ನಾನು ನುಡಿಸುವುದು ಈ ಸ್ಥಾನದಲ್ಲಿ.

ಎಳೆದರೆ ಒಂದು, ಒತ್ತಿದರೆ ಇನ್ನೊಂದು ಕೆಲಸ ಮಾಡುವ ಪುಶ್-ಪುಲ್ ಪಾಟ್ ಇದಕ್ಕೆ ಸಾಕು. ಸೆಮೂರ್ ಡಂಕನ್‌ನಲ್ಲಿ ಕಪ್ಪು ವೈರ್ ಹಾಟ್ (ಸಂಕೇತ ಹೊರಹೋಗುವ ತುದಿ), ಹಸಿರು ಮತ್ತು ಬರಿಯ ವೈರ್ ಗ್ರೌಂಡ್, ಬಿಳಿ ಮತ್ತು ಕೆಂಪು ಎರಡು ಸುರುಳಿಗಳ ನಡುವಿನ ಕೊಂಡಿ. ಸ್ವಿಚ್ಚಿನ ನಡುವಿನ ಎರಡು ಕಾಲುಗಳಿಗೆ ಬಿಳಿ, ಕೆಂಪು ಬೆಸೆಯಿರಿ. ಒಂದು ಬದಿಯ ಎರಡು ಕಾಲುಗಳನ್ನು ಪರಸ್ಪರ ಸೇರಿಸಿ, ಅದು ಸರಣಿ. ಇನ್ನೊಂದು ಬದಿಯಲ್ಲಿ ಬಿಳಿಯ ಸಾಲಿನ ಕಾಲನ್ನು ಗ್ರೌಂಡಿಗೆ, ಕೆಂಪಿನ ಸಾಲಿನದನ್ನು ಹಾಟ್‌ಗೆ ಕೊಡಿ, ಅದು ಸಮಾಂತರ. ಡಿಮಾರ್ಜಿಯೊದಲ್ಲಿ ಬಣ್ಣಗಳು ಬೇರೆ: ಕೆಂಪು ಹಾಟ್, ಹಸಿರು ಗ್ರೌಂಡ್, ಕಪ್ಪು ಮತ್ತು ಬಿಳಿ ಕೊಂಡಿ. ಮೇಲಿನ ಲೆಕ್ಕದಲ್ಲಿ ಬಿಳಿಯ ಜಾಗಕ್ಕೆ ಕಪ್ಪು, ಕೆಂಪಿನ ಜಾಗಕ್ಕೆ ಬಿಳಿ ಹಾಕಿಕೊಳ್ಳಿ. ಪಾಟಿನ ಬೆನ್ನಿಗೆ ಗ್ರೌಂಡ್ ಬೆಸೆಯಲು 25 ವ್ಯಾಟಿನ ಐರನ್ ತಿಣುಕಾಡುತ್ತದೆ. 40ರಿಂದ 60 ವ್ಯಾಟಿನದು ತಂದು, ಮೇಲ್ಮೈಯನ್ನು ಮರಳು ಕಾಗದದಿಂದ ಕೆರೆದು, ಬೇಗ ಮುಗಿಸಿ. ಬಹಳ ಹೊತ್ತು ಕಾಯಿಸಿದರೆ ಪಾಟೇ ಹಾಳು.

ಬೆಸುಗೆಗೆ ಮೊದಲು ನೆಕ್ ಪಿಕಪ್‌ನೊಂದಿಗೆ (ಗಿಟಾರಿನ ಕತ್ತಿನ ಕಡೆಯದು) ಫೇಸ್, ಅಂದರೆ ಸಂಕೇತ ಏರಿಳಿಯುವ ದಿಕ್ಕು, ಹೊಂದುತ್ತದೆಯೇ ಎಂದು ನೋಡಿ. ಮುಳ್ಳಿನ ಮೀಟರನ್ನು ಡಿಸಿ ವೋಲ್ಟ್‌ನ ಅತಿ ಕಡಿಮೆ ಮಟ್ಟಕ್ಕಿಟ್ಟು, ಹಾಟ್‌ಗೆ ಕೆಂಪು ಪ್ರೋಬ್, ಗ್ರೌಂಡಿಗೆ ಕಪ್ಪು ಪ್ರೋಬ್ ಹಿಡಿದು, ಸ್ಕ್ರೂಡ್ರೈವರ್ ತುದಿಯನ್ನು ಪಿಕಪ್ ಮೇಲೆ ಇಳಿಸಿ. ಮುಳ್ಳು ಯಾವ ಕಡೆಗೆ ಹಾರುತ್ತದೆ ನೋಡಿಕೊಳ್ಳಿ. ಎರಡೂ ಪಿಕಪ್‌ಗಳಲ್ಲಿ ಒಂದೇ ಕಡೆಗೆ ಹಾರಬೇಕು. ವಿರುದ್ಧವಾಗಿದ್ದರೆ ಹೊಸದರ ಹಾಟ್ ಮತ್ತು ಹಸಿರನ್ನು ಅದಲುಬದಲು ಮಾಡಿ, ಸ್ವಿಚ್ಚಿನ ನಡುವಿನ ಕಾಲುಗಳಲ್ಲಿರುವ ಕೊಂಡಿಯ ಎರಡು ವೈರ್‌ಗಳನ್ನೂ ಹಾಗೆಯೇ ಅದಲುಬದಲು ಮಾಡಿ, ಬರಿಯ ವೈರ್ ಮಾತ್ರ ಗ್ರೌಂಡಿನಲ್ಲೇ ಇರಲಿ. ಅಗ್ಗದ ಪಿಕಪ್ ಕೊಂಡಿದ್ದರೆ ಅದನ್ನು ಮೇಣದಲ್ಲಿ ಅದ್ದಿದ್ದಾರೆಯೇ ಎಂದೂ ಕೇಳಿ. ಮೋಟಾರಿನ ಸುರುಳಿಗೆ ವಾರ್ನಿಷ್ ಹೇಗೋ ಪಿಕಪ್‌ಗೆ ಮೇಣ ಹಾಗೆ. ಎಳೆಗಳು ಅಲುಗಾಡಿದರೆ ಹೆಚ್ಚು ಗೇನ್‌ನಲ್ಲಿ ಕೀರಲು ಶಿಳ್ಳೆ ಬರುತ್ತದೆ.

ಕೂರಿಸಿದ ಮೇಲೆ ಎತ್ತರ. ಏಳನೆಯ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ತಂತಿಗೂ ಪಿಕಪ್‌ಗೂ ನಡುವೆ ಸುಮಾರು 2.5 ಮಿಲಿಮೀಟರ್ ಬಿಡಿ, ಒಂದನೆಯದರ ಕೆಳಗೆ 1.5ರಿಂದ 2. ಅಲ್ಲಿಂದ ಕಿವಿ ಹೇಳಿದಂತೆ ಸ್ಕ್ರೂವನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿ. ಈ ಒಂದು ಸ್ಕ್ರೂವಿನಲ್ಲಿ ಸಿಗುವ ವ್ಯತ್ಯಾಸ ಎಷ್ಟೋ ಸಲ ಎರಡು ಕಂಪನಿಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು.

ಪರೀಕ್ಷೆಯನ್ನು ಆಂಪ್ಲಿಫೈಯರ್ ಬದಲಿಸದೆ, ಸೆಟ್ಟಿಂಗ್ ಮುಟ್ಟದೆ ಮಾಡಿ. ಮೊದಲು ಹೆಚ್ಚು ಗೇನ್‌ನಲ್ಲಿ ಏಳನೆಯ ತಂತಿಯನ್ನು ಒತ್ತಿ ವೇಗವಾಗಿ ಹೊಡೆಯಿರಿ, ಪೆಟ್ಟುಗಳು ಒಂದಕ್ಕೊಂದು ಅಂಟಬಾರದು. ಅದೇ ಗೇನ್‌ನಲ್ಲಿ ಒಂದು ಮೈನರ್ ಕಾರ್ಡ್ ಹಿಡಿದು ಅದರ ಮೂರೂ ಸ್ವರ ಬಿಡಿಯಾಗಿ ಕೇಳುತ್ತವೆಯೇ ಗಮನಿಸಿ. ನಂತರ ವಾಲ್ಯೂಮನ್ನು ಅರ್ಧಕ್ಕೆ ಇಳಿಸಿ. ಡಿಸ್ಟಾರ್ಷನ್ ತಾನಾಗಿ ತಿಳಿಯಾಗಬೇಕು, ಮಂಕಾಗಬಾರದು. ಕೊನೆಗೆ ಸಮಾಂತರಕ್ಕೆ ಎಳೆದು, ಕೀಬೋರ್ಡ್ ನುಡಿಸುವವರನ್ನು ಜೊತೆಗೆ ಕೂರಿಸಿಕೊಂಡು ಒಂದು ಹಾಡು ಪೂರ್ತಿ ನುಡಿಸಿ. ಹಳೆಯ ಪಿಕಪ್ ಎಸೆಯಬೇಡಿ. ಅದರ ವೈರನ್ನು ಬುಡದಲ್ಲಿ ಕತ್ತರಿಸದೆ, ಬೆಸುಗೆ ಕರಗಿಸಿ ಪೂರ್ತಿ ಉದ್ದ ಉಳಿಸಿ ತೆಗೆದು, ಬಣ್ಣಗಳ ವಿವರ ಬರೆದ ಚೀಟಿ ಅಂಟಿಸಿ ಗಿಟಾರ್ ಚೀಲದ ಜೇಬಿನಲ್ಲಿಡಿ. ಹೊಸದು ಒಗ್ಗದಿದ್ದರೆ ಒಂದೇ ಸಂಜೆಯಲ್ಲಿ ಅದನ್ನು ಮರಳಿ ಕೂರಿಸಬಹುದು.